ಅಚೋಲಾಗೆ, ಕೀಲಿಕೈಯ ಜೊತೆ

ಕಿಸುಮು ಕಚೇರಿಯ ಬಾಗಿಲು:
ಎಡಕ್ಕೆ ಎರಡು ಸುತ್ತು, ಆಮೇಲೆ ಮೊಣಕಾಲಿಂದ ಒಂದು ಗುದ್ದು.
ಪಾಸ್‌ವರ್ಡು ಕೋಡಿನೊಳಗೆ ಇಲ್ಲ.
ಹಿಂದೊಮ್ಮೆ ಅಲ್ಲೇ ಬರೆದಿಟ್ಟಿದ್ದೆ; ನಾಚಿಕೆಯ ಕತೆ, ಚಹಾ ಹೊತ್ತಿಗೆ ಹೇಳುವೆ.

ಮೂಲದ ಕಡತ ಮುಟ್ಟಬೇಡ.
ತಪ್ಪಿದೆಯೆಂದು ಗೊತ್ತಿದ್ದರೂ ಮುಟ್ಟಬೇಡ.
ತಿದ್ದುವುದನ್ನೆಲ್ಲ ಬೇರೆಯದರಲ್ಲಿ ತಿದ್ದು,
ಯಾಕೆ ತಿದ್ದಿದೆಯೆಂದು ಒಂದು ಸಾಲು ಬರೆ.
ಆರು ತಿಂಗಳಾದ ಮೇಲೆ ನೀನೇ
ಗುರುತು ಸಿಗದ ನೆಂಟಳ ಹಾಗೆ ಬಂದು
'ಇದನ್ನು ಬರೆದ ಪುಣ್ಯಾತ್ಮರು ಯಾರು?' ಎಂದು ಕೇಳುತ್ತೀ.

ಸರೋವರದ ಮಟ್ಟವನ್ನು ದುಂಗಾದ ಕಂಬದಲ್ಲಿ
ದಿನಕ್ಕೆರಡು ಸಲ ಓದಿದವನು ಒಗುಟು.
ಇಪ್ಪತ್ತಾರು ವರ್ಷ, ನೀಲಿ ಪೆನ್ನಿನಲ್ಲಿ.
ಅವನ ಪುಸ್ತಕದಲ್ಲಿ ಗಂಟೆ ಒಂದು ಅಂದರೆ ಬೆಳಗಿನ ಏಳು,
ಇಲ್ಲಿಯ ಎಣಿಕೆ ಸೂರ್ಯನ ಜೊತೆ ಏಳುವಂಥದು.
ನಿನಗೂ ನನಗೂ ಅಜ್ಜಿಯರಿಂದಲೇ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ.
ಕಂಡದ್ದನ್ನು ಕಂಡ ಹಾಗೆ ತುಂಬಿಬಿಟ್ಟೆ:
ಗ್ರಾಫಿನಲ್ಲಿ ಸರೋವರ
ನಡುರಾತ್ರಿ ಎದ್ದು ಕೂತಿತು.
ಹೊತ್ತನ್ನು ಒಂದೇ ಗಡಿಯಾರದಲ್ಲಿ ಕೂಡಿಡು,
ತೋರಿಸುವಾಗ ಮಾತ್ರ ನೋಡುವವರ ಗಡಿಯಾರಕ್ಕೆ ತಿರುಗಿಸು.
ಅಂಕಿಯ ಪಕ್ಕ ಸೆಂಟಿಮೀಟರೋ ಮೀಟರೋ ಬರೆ. ಊಹಿಸಿದವರು ಮುಳುಗಿದ್ದಾರೆ.

ಸೊನ್ನೆ ಬಿಂದು ಒಂದನ್ನು ಹತ್ತು ಸಲ ಕೂಡಿ
ಒಂದಾಯಿತೇ ಎಂದು ಕೇಳಿದರೆ
ಇಲ್ಲ ಅನ್ನುತ್ತದೆ ಯಂತ್ರ, ಮುಖಕ್ಕೆ ಹೊಡೆದ ಹಾಗೆ.
ಹತ್ತಿರವಿದೆಯೇ ಎಂದು ಕೇಳು. ಎಷ್ಟು ಹತ್ತಿರ, ನೀನೇ ಹೇಳು.
ಹನಿಗೂಡಿದರೆ ಹಳ್ಳ, ತಪ್ಪಿಗೂ ಅದೇ ಗಾದೆ.
ಇಪ್ಪತ್ತಾರು ವರ್ಷವನ್ನು ಒಟ್ಟಿಗೆ ಓಡಿಸಿ ಕಾಯುತ್ತ ಕೂರಬೇಡ;
ಬೆರಳಲ್ಲಿ ಎಣಿಸಬಲ್ಲ ಐದು ಸಾಲು ಮೊದಲು.

ಪುಟದ ವಿಷಯ.
ಅದನ್ನು ತೆರೆಯುವವಳು ನ್ಯಾರ್ ಉಯೋಮಾ,
ನಸುಕಿನಲ್ಲಿ, ಒಮೆನಾ ಮೀನು ಒಣಹಾಕುವ ಬಲೆ ಹೆಗಲಿಗೇರಿಸಿ,
ನೀರು ಎಲ್ಲಿವರೆಗೆ ಬಂದಿದೆ, ಎಲ್ಲಿ ಹಾಸಲಿ ಎಂದು,
ಬಿರುಕು ಬಿಟ್ಟ ಫೋನಿನಲ್ಲಿ, ಹತ್ತು ಶಿಲಿಂಗಿನ ಡೇಟಾದಲ್ಲಿ.
ಅವಳಿಗಾಗಿ ನಾನು ಒಂದು ಭೂಗೋಳ ತಿರುಗಿಸಿದ್ದೆ, ಮೋಡ ಸಮೇತ.
'ನಿನ್ನ ಭೂಮಿ ಒಂದು ಸುತ್ತು ಮುಗಿಸುವಷ್ಟರಲ್ಲಿ
ನನ್ನ ದುಡ್ಡು ಮುಗಿಯಿತು' ಅಂದಳು.
ಅಂದೇ ಕಿತ್ತೆ.
ಈಗ ಒಂದು ಅಂಕಿ, ದೊಡ್ಡದಾಗಿ. ಯಾವ ಹೊತ್ತಿನದು, ಅದರ ಕೆಳಗೆ.
ಚಿತ್ರ ಬೇಕಾದವರಿಗೆ, ಆಮೇಲೆ.
ಭಾರದ ಲೆಕ್ಕವನ್ನು ರಾತ್ರಿಯೇ ಸರ್ವರಿನಲ್ಲಿ ಮುಗಿಸು,
ಅವಳ ಫೋನಿನ ತಲೆಗೆ ಹೊರಿಸಬೇಡ.

ಇನ್ನು, ಮೈನಸ್ ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು.
ಅಳೆಯದ ದಿನಕ್ಕೆ ಹಳಬರು ಇಟ್ಟ ಹೆಸರು.
ಹಾಗೇ ಸರಾಸರಿ ತೆಗೆದರೆ ಸರೋವರ ಪಾತಾಳ ಸೇರುತ್ತದೆ;
ಒಮ್ಮೆ ಸೇರಿಯೂ ಇತ್ತು, ರಟ್ಟು ಹಾಕಿದ ವರದಿಯಲ್ಲಿ.
ಸೊನ್ನೆ ಹಾಕಬೇಡ, ಸೊನ್ನೆಯೂ ಒಂದು ಅಳತೆ.
ಖಾಲಿ ಬಿಡು. ಸಣ್ಣ ತಮ್ಮನನ್ನು ಅಕ್ಕಂದಿರು ಸೇರಿಸಿಕೊಳ್ಳುವಂತೆ:
ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಗ್ರಾಫಿನ ಲೈಬ್ರರಿ ಮಾತ್ರ ಹೇಳದೆ ಕೇಳದೆ
ಈ ದಡದಿಂದ ಆ ದಡಕ್ಕೆ ಗೆರೆ ಎಳೆದು ಖಾಲಿಯನ್ನು ಮುಚ್ಚುತ್ತದೆ.
ಆ ಸೆಟ್ಟಿಂಗು ಆರಿಸಿದ್ದೇನೆ, ಆರಿಯೇ ಇರಲಿ.
ಅದೊಂದು ಏಪ್ರಿಲಿನಲ್ಲಿ ಹನ್ನೊಂದು ದಿನ ಗೆರೆಯಿಲ್ಲ, ನೋಡು.
ನಾಲ್ಕು ತಿಂಗಳು ಸಂಬಳ ಬಾರದೆ ಒಗುಟು ಮನೆಯಲ್ಲೇ ಕೂತ ದಿನಗಳು.
ಮೇಲಿನವರು ಅಂದಾಜಿನಲ್ಲಿ ತುಂಬಿಸು ಅಂದರು, ತುಂಬಿಸಿದೆ,
ನುಣ್ಣಗೆ, ಕಲೆ ಕಾಣದ ಹಾಗೆ.
ಅವನು ಪರದೆಯ ಮುಂದೆ ಕನ್ನಡಕ ಏರಿಸಿ ನಿಂತ.
'ನಾನಿರಲಿಲ್ಲವಲ್ಲ' ಅಂದ.
'ಹಾಗಾದರೆ ನೀರನ್ನು ನೋಡಿದವರು ಯಾರು?'

ಕಪಾಟಿನ ಕೀಲಿ ಸಣ್ಣದು, ಹಳದಿ ದಾರದ್ದು.
ಬ್ಯಾಕಪ್ಪು ಮೂರು ಕಡೆ ಇದೆ. ತಿಂಗಳಿಗೊಮ್ಮೆ ತೆರೆದು ನೋಡು,
ಇಟ್ಟದ್ದೆಲ್ಲ ಇದ್ದಹಾಗಲ್ಲ.
ಮೂರನೆಯದು ನ್ಯಾರ್ ಉಯೋಮಾಳ ತಗಡಿನ ಡಬ್ಬಿಯಲ್ಲಿ.
ಒಣಮೀನಿನ ವಾಸನೆ.
ಓದಲಿಕ್ಕೆ ಬರುತ್ತದೆ.